ಸಮನ್ಸು ಮನೆಗೆ ಬಂದಾಗ

ನ್ಯಾಯಾಲಯವೆಂದರೆ ನಮ್ಮ ಮಧ್ಯಮ ವರ್ಗದ ಗೃಹಸ್ಥನಿಗೆ ಇಂದಿಗೂ ಎದೆ ನಡುಕ. ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವರು ನಾವು. ಆದರೆ ಸಾಲದ ದಾವೆಯಲ್ಲಿ ಎಷ್ಟೋ ಮಂದಿ ಸೋಲುವುದು ವಾದದಲ್ಲಲ್ಲ. ವಾದಿಸಲು ಹೋಗದೆ ಮನೆಯಲ್ಲಿ ಕುಳಿತುದರಿಂದ.

ಮಗಳ ಮದುವೆಗೆಂದು ಪ್ರಾಮಿಸರಿ ನೋಟು ಬರೆದುಕೊಟ್ಟು 1 ಲಕ್ಷ ರೂಪಾಯಿ ಸಾಲ ಮಾಡಿದ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಿ. 60,000 ರೂಪಾಯಿ ತೀರಿಸಿದ್ದಾನೆ. ರಸೀತಿಗಳು ಟ್ರಂಕಿನಲ್ಲಿ ಭದ್ರವಾಗಿವೆ. ಆದರೂ ಪೂರ್ತಿ ಹಣಕ್ಕೆ ಬಡ್ಡಿ ಸಹಿತ ದಾವೆ ಬಂದಿದೆ. ವಕೀಲರಿಗೆ ಕೊಡಲು ಕೈಯಲ್ಲಿ ಕಾಸಿಲ್ಲ. ಈತನ ಗತಿಯೇನು?

ತನ್ನ ದಾವೆಯನ್ನು ತಾನೇ ನಡೆಸುವ ಹಕ್ಕು ಈತನಿಗುಂಟು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೆಯ ಆದೇಶ ಅದನ್ನು ಒಪ್ಪುತ್ತದೆ. ಕರ್ನಾಟಕದ ಅಧೀನ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿಯೇ ಬರೆದುಕೊಡಬಹುದು. ಆದರೆ ವಕೀಲರಿಲ್ಲವೆಂದು ನಿಯಮಗಳು ಸಡಿಲವಾಗುವುದಿಲ್ಲ. ಆದುದರಿಂದ ಮೊದಲು ನಿಯಮವನ್ನು ಕಲಿಯಬೇಕು, ಆಮೇಲೆ ನ್ಯಾಯವನ್ನು ಕೇಳಬೇಕು.

ಸಮನ್ಸನ್ನು ತೆಗೆದುಕೊಳ್ಳದೆ ಅಮೀನನನ್ನು ಹಿಂದಕ್ಕೆ ಕಳುಹಿಸಿದರೆ ಪೀಡೆ ತೊಲಗಿತೆಂದು ಭಾವಿಸುವುದು ಭ್ರಮೆ. ಅವನು ಅದನ್ನು ಬಾಗಿಲಿಗೆ ಅಂಟಿಸಿ ವರದಿ ಮಾಡಬಲ್ಲನು. ಜಾರಿಯಾಯಿತೆಂದೇ ನ್ಯಾಯಾಲಯ ತೀರ್ಮಾನಿಸಬಹುದು. ಗೈರುಹಾಜರಾದರೆ ಏಕಪಕ್ಷೀಯ ಡಿಕ್ರಿ ಕಾದಿರುತ್ತದೆ. ಅದನ್ನು ರದ್ದುಪಡಿಸಲು 30 ದಿನಗಳೊಳಗೆ ಅರ್ಜಿ ಹಾಕಿ, ಸಮನ್ಸು ಸರಿಯಾಗಿ ಜಾರಿಯಾಗಲಿಲ್ಲವೆಂದೋ ಬರಲಾಗದುದಕ್ಕೆ ತಕ್ಕ ಕಾರಣವಿತ್ತೆಂದೋ ತೋರಿಸಬೇಕು.

ಸಮನ್ಸು ಕೈಗೆ ಬಂದೊಡನೆ ಅದು ಯಾವ ಬಗೆಯದೆಂದು ನೋಡಿ. ಪ್ರಾಮಿಸರಿ ನೋಟಿನ ಮೇಲೆ 37ನೆಯ ಆದೇಶದಂತೆ ಸಂಕ್ಷಿಪ್ತ ದಾವೆಯನ್ನೂ ಹೂಡಬಹುದು. ಅಂಥದರಲ್ಲಿ 10 ದಿನಗಳೊಳಗೆ ಹಾಜರಿ ಕೊಡಬೇಕು. ಮುಂದೆ ತೀರ್ಪಿಗಾಗಿ ಸಮನ್ಸು ಬಂದ ಬಳಿಕ ಮತ್ತೆ 10 ದಿನಗಳೊಳಗೆ, ಪ್ರತಿವಾದಕ್ಕೆ ಅನುಮತಿ ಬೇಡಬೇಕು. ಸಾಮಾನ್ಯ ದಾವೆಯಾದರೆ ಲಿಖಿತ ಹೇಳಿಕೆ ಸಲ್ಲಿಸಲು 30 ದಿನ. ಕಾರಣ ತೋರಿಸಿದರೆ ನ್ಯಾಯಾಲಯವು 90 ದಿನಗಳವರೆಗೆ ಕಾಲ ಕೊಡಬಹುದು.

ಈ ಲಿಖಿತ ಹೇಳಿಕೆಯೇ ಪ್ರತಿವಾದಿಯ ಜೀವಾಳ. ‘ದಾವೆಯೆಲ್ಲವೂ ಸುಳ್ಳು’ ಎಂದು ಒಂದೇ ಸಾಲು ಬರೆದರೆ ಸಾಲದು. ವಾದಪತ್ರದ ಒಂದೊಂದು ಪರಿಚ್ಛೇದಕ್ಕೂ ಒಪ್ಪಿದೆ, ಅಲ್ಲಗಳೆದೆ, ತಿಳಿಯದು ಎಂದು ಬೇರೆಬೇರೆಯಾಗಿ ಉತ್ತರಿಸಬೇಕು. ಅಲ್ಲಗಳೆಯದೆ ಬಿಟ್ಟ ಮಾತನ್ನು ಒಪ್ಪಿದಂತೆಯೇ ಎಣಿಸಬಹುದು. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಹಳೆಯ ಮಾತು ಇಲ್ಲಿ ಅಕ್ಷರಶಃ ನಿಜ! ನಮ್ಮ ಗೃಹಸ್ಥನು ಸಾಲ ಪಡೆದುದನ್ನು ಒಪ್ಪಿ, ಯಾವ ದಿನ ಎಷ್ಟು ತೀರಿಸಿದೆನೆಂದು ಲೆಕ್ಕ ಕೊಟ್ಟು, ರಸೀತಿಗಳನ್ನೂ ಜೊತೆಯಲ್ಲಿಯೇ ಹಾಜರುಪಡಿಸಬೇಕು. ಟ್ರಂಕಿನಲ್ಲಿ ಉಳಿದ ರಸೀತಿ ನ್ಯಾಯಾಧೀಶರ ಕಣ್ಣಿಗೆ ಕಾಣದು. ಕೊನೆಗೆ ಸಹಿ, ಸತ್ಯಾಪನೆ, ಪ್ರಮಾಣಪತ್ರ. ಎದುರು ಪಕ್ಷಕ್ಕೊಂದು ಪ್ರತಿ.

ತಾರೀಖಿನ ಲೆಕ್ಕವನ್ನೂ ಮರೆಯಬಾರದು. 1963ರ ಕಾಲಮಿತಿ ಕಾಯಿದೆಯಂತೆ ಕೈಸಾಲಕ್ಕೆ ಸಾಮಾನ್ಯವಾಗಿ 3 ವರ್ಷದ ವಾಯಿದೆ. ಆದರೆ ಆ ಅವಧಿ ಮುಗಿಯುವ ಮುನ್ನ ಸಾಲವನ್ನು ಒಪ್ಪಿ ಸಹಿ ಮಾಡಿದ್ದರೆ ವಾಯಿದೆ ಅಂದಿನಿಂದ ಹೊಸದಾಗಿ ಆರಂಭವಾಗುತ್ತದೆ. ಹಣ ಸಂದಾಯ ಮಾಡಿ ಅದನ್ನು ತನ್ನ ಕೈಬರಹದಲ್ಲಿ ದಾಖಲಿಸಿದ್ದರೂ ಹಾಗೆಯೇ. ಎದುರಿಟ್ಟ ಕಾಗದಕ್ಕೆ ಓದದೆ ಸಹಿ ಹಾಕಬೇಡಿ.

ಸಾಲ ನಿಜವೇ ಆಗಿದ್ದರೆ? ಆಗಲೂ ಹಾಜರಾಗುವುದೇ ಲೇಸು. ಕಂತುಗಳಲ್ಲಿ ತೀರಿಸಲು ನ್ಯಾಯಾಲಯವನ್ನು ಬೇಡಬಹುದು. ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ ಇವುಗಳನ್ನು ಜಪ್ತಿ ಮಾಡುವಂತಿಲ್ಲ. ಹಣದ ಡಿಕ್ರಿಗಾಗಿ ಸ್ತ್ರೀಯರನ್ನು ಬಂಧಿಸುವಂತಿಲ್ಲ. ಬಡತನದಿಂದ ತೀರಿಸಲಾರದವನನ್ನು ಆ ಒಂದೇ ಕಾರಣಕ್ಕೆ ಸೆರೆಗೆ ಹಾಕಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1980ರಲ್ಲಿಯೇ ಹೇಳಿದೆ.

ವಿಚಾರಣೆಯ ದಿನಕ್ಕೆ ಮುಂಚೆ ಒಮ್ಮೆ ನ್ಯಾಯಾಲಯಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿರಿ. ಅದರ ಬಾಗಿಲು ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದೇ ಇರುತ್ತದೆ. ಹೆಸರು ಕೂಗಿದಾಗ ಎದ್ದು ನಿಲ್ಲುವುದು, ಪಾಟೀಸವಾಲಿನಲ್ಲಿ ಕೇಳಿದಷ್ಟಕ್ಕೇ ಉತ್ತರಿಸುವುದು, ಇವೆಲ್ಲ ಕಣ್ಣಿನಿಂದ ಕಲಿಯುವ ಪಾಠಗಳು. ಇಷ್ಟಾದರೂ ಧೈರ್ಯ ಸಾಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಮೊರೆಹೋಗಬಹುದು. ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಅಲ್ಪ ಆದಾಯದವರಿಗೂ ಉಚಿತವಾಗಿ ವಕೀಲರ ನೆರವು ಕೊಡಲು 1987ರ ಕಾಯಿದೆ ಅವಕಾಶ ಮಾಡಿದೆ.

ಸಾಲ ಮಾಡಿದವನು ತಲೆತಗ್ಗಿಸಿ ಅವಿತುಕೊಳ್ಳಬೇಕಾದುದಿಲ್ಲ. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ, ಕಾಗದಪತ್ರಗಳೊಡನೆ ಹೋಗಿ ನಿಂತರೆ, ತೀರಿಸಿದ 60,000 ರೂಪಾಯಿಯನ್ನು ಮತ್ತೊಮ್ಮೆ ತೀರಿಸುವ ದುರ್ಗತಿಯಾದರೂ ತಪ್ಪೀತು.