ಮೆಗ್ನೀಸಿಯಂ ತಗಡಿನ ಹದ

ಮೆಗ್ನೀಸಿಯಂ ತಗಡನ್ನು ಮೊದಲ ಸಲ ಕೈಗೆತ್ತಿಕೊಂಡವರು ಅದರ ಹಗುರಕ್ಕೇ ಬೆರಗಾಗುತ್ತಾರೆ. ಒಂದು ಘನ ಸೆಂಟಿಮೀಟರಿಗೆ 1.74 ಗ್ರಾಂ, ಅಲ್ಯೂಮಿನಿಯಂ 2.7, ಉಕ್ಕು 7.8. ಆದರೆ ತಣ್ಣಗಿರುವಾಗ ಅದನ್ನು ಚೂಪಾಗಿ ಮಡಿಸಲು ಹೋದರೆ ಮಡಿಕೆಯ ಹೊರಮೈ ಬಿರಿಯುತ್ತದೆ. ಇನ್ನಷ್ಟು ಒತ್ತಿದರೆ ಎರಡು ತುಂಡು.

ತಪ್ಪು ಲೋಹದ್ದಲ್ಲ, ಅದರ ಹರಳುಗಳ ಕಟ್ಟಣೆಯೇ ಹಾಗೆ. ಪರಮಾಣುಗಳು ಷಟ್ಕೋನದ ಪದರಗಳಾಗಿ ಕೂತಿರುತ್ತವೆ. ಲೋಹದ ಆಕಾರ ಬದಲಾಗಲು ಪದರಗಳು ಜಾರಬೇಕು. ತಣ್ಣಗಿರುವಾಗ ಸಲೀಸಾಗಿ ಜಾರುವುದು ಒಂದೇ ಬಗೆಯ ಪದರ. ರೋಲರಿನಡಿ ಹಾದು ಬಂದ ತಗಡಿನಲ್ಲಿ ಅವುಗಳಲ್ಲಿ ಹೆಚ್ಚಿನವು ಮೈಗುಂಟ ಮಲಗಿಬಿಟ್ಟಿರುತ್ತವೆ. ಊಟದೆಲೆಯ ಕಟ್ಟನ್ನು ನೆನೆಯಿರಿ: ಎಲೆಗಳು ಪಕ್ಕಕ್ಕೆ ಸರಿದಾವು, ಆದರೆ ಕಟ್ಟನ್ನು ಹಿಡಿದೆಳೆದರೆ ಅದು ತೆಳುವಾಗುವುದಿಲ್ಲ.

ಸುಮಾರು 200 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟರಲ್ಲಿ ಬೇರೆ ದಿಕ್ಕಿನ ಪದರಗಳೂ ಸಡಿಲಗೊಂಡು ಜಾರತೊಡಗುತ್ತವೆ. ಕಮ್ಮಾರನಿಗೆ ಕಬ್ಬಿಣದ ಕೆಂಪೇ ಸಾಕ್ಷಿ. ಇಲ್ಲಿ ಬಣ್ಣ ಬದಲಾಗುವುದಿಲ್ಲ. ಬೆಳ್ಳಗಿನ ತಗಡು ಬೆಳ್ಳಗೇ ಇರುತ್ತದೆ. ಕಾವನ್ನು ಅಳೆದೇ ತಿಳಿಯಬೇಕು.

ಕಾಯಿಸಿದ ಮೇಲೆ ಎಷ್ಟು ಬೇಗ ಒತ್ತುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕಾದ ತಗಡನ್ನು ನಿಧಾನವಾಗಿ ಎಳೆದಾಗ ಒಂದು ಕಡೆ ತೆಳುವಾಗಲು ಶುರುವಾಯಿತು ಎನ್ನೋಣ. ಅಲ್ಲಿ ಹಿಗ್ಗುವ ವೇಗ ಸುತ್ತಲಿಗಿಂತ ಹೆಚ್ಚು. ವೇಗ ಹೆಚ್ಚಿದಂತೆ ಕಾದ ಲೋಹ ಬಿಗಿಯಾಗುತ್ತದೆ. ಹಾಗೆ ಬಿಗಿಯಾದ ಜಾಗ ತಾನು ಹಿಗ್ಗುವುದನ್ನು ತಡೆದು ಹೊರೆಯನ್ನು ಪಕ್ಕಕ್ಕೆ ದಾಟಿಸುತ್ತದೆ. ಹರಿಯಬೇಕಾಗಿದ್ದ ಕಡೆಯೇ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ! ತಣ್ಣನೆಯ ಮೆಗ್ನೀಸಿಯಂಗೆ ಈ ಗುಣ ಇಲ್ಲವೆನ್ನುವಷ್ಟು ಕಡಿಮೆ. ಸಣ್ಣ ಕಣರಚನೆಯ ತಗಡನ್ನು 400 ಡಿಗ್ರಿಯ ಆಸುಪಾಸಿನಲ್ಲಿ ತೀರಾ ನಿಧಾನವಾಗಿ ಎಳೆದರೆ ಮೂಲ ಉದ್ದದ ಹಲವು ಪಟ್ಟು ಹಿಗ್ಗುತ್ತದೆ. ಅವಸರ ಮಾಡಿದರೆ ಲೋಹಕ್ಕೆ ಒಳಗೊಳಗೇ ಸುಧಾರಿಸಿಕೊಳ್ಳಲು, ಹೊಸ ಕಣ ಕಟ್ಟಿಕೊಳ್ಳಲು ವೇಳೆ ಸಾಲದು.

ಕಾವು ಮತ್ತು ವೇಗವನ್ನು 1944ರಲ್ಲಿ ಜೀನರ್ ಮತ್ತು ಹಾಲೊಮನ್ ಎಂಬ ಸಂಶೋಧಕರು ಉಕ್ಕನ್ನು ಅಭ್ಯಸಿಸುತ್ತ ಒಂದೇ ಸೂತ್ರಕ್ಕೆ ತಂದರು. ಬೇಗ ಒತ್ತಬೇಕೆಂದರೆ ಹೆಚ್ಚು ಕಾಯಿಸು, ಕಡಿಮೆ ಕಾಯಿಸಿದ್ದರೆ ತಾಳ್ಮೆಯಿಂದ ಒತ್ತು ಎನ್ನುತ್ತದೆ ಅದು. ನಮ್ಮ ಭಾಷೆಯಲ್ಲಿ ಇದಕ್ಕೆ ಮೊದಲಿಂದಲೂ ಒಂದೇ ಮಾತು: ಹದ.

ಆ ಹದವನ್ನು ಕಣ್ಣಾರೆ ಕಾಣಬೇಕೆಂದರೆ ಬಟ್ಟಲು ಎಳೆಯುವುದನ್ನು ನೋಡಬೇಕು. ಜರ್ಮನಿಯ ಹ್ಯಾನೋವರ್‌ನಲ್ಲಿ ಡೋಗೆ ಮತ್ತು ಡ್ರೋಡರ್ ಎಂಬ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಕೆಲಸ ಈ ವಿಷಯದಲ್ಲಿ ಹೆಸರಾದದ್ದು. ಶೇಕಡಾ 3ರಷ್ಟು ಅಲ್ಯೂಮಿನಿಯಂ, 1ರಷ್ಟು ಸತು ಬೆರೆತ ತಗಡಿನ ದುಂಡು ಬಿಲ್ಲೆಯನ್ನು 200 ಡಿಗ್ರಿಯಲ್ಲಿ ಎಳೆದರೆ, ಬಟ್ಟಲಿನ ಸುಮಾರು ಎರಡೂವರೆ ಪಟ್ಟು ಅಗಲದ ಬಿಲ್ಲೆಯೂ ಹರಿಯದೆ ಒಳಗಿಳಿಯುತ್ತದೆ. ಅಂದರೆ 100 ಮಿಲಿಮೀಟರ್ ಬಿಲ್ಲೆಯಿಂದ 40 ಮಿಲಿಮೀಟರ್ ಅಗಲದ ಆಳವಾದ ಬಟ್ಟಲು. ಅದೇ ಕಾವಿನಲ್ಲಿ ಬಿಲ್ಲೆಯನ್ನು ಅಚ್ಚಿನೊಳಗೆ ಒತ್ತುವ ಪಂಚ್‌ನ ವೇಗ ಏರಿಸುತ್ತ ಹೋದರೆ ಈ ಅಳತೆ ತಗ್ಗುತ್ತದೆ.

ಈ ಕಸುಬಿನಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಣ್ಮೆ ಬೇರೆಯೇ ಇದೆ. ಅಚ್ಚನ್ನೂ (ಡೈ) ಬಿಲ್ಲೆಯ ಅಂಚನ್ನು ಅದುಮಿ ಹಿಡಿಯುವ ಬಳೆಯನ್ನೂ ಕಾಯಿಸುತ್ತಾರೆ, ಪಂಚನ್ನು ಮಾತ್ರ ತಂಪಾಗಿಡುತ್ತಾರೆ. ಅಂಚು ಮೆತ್ತಗಿದ್ದರೆ ಸುಲಭವಾಗಿ ಒಳಗೆ ಜಾರಿ ಬರುತ್ತದೆ. ಪಂಚ್‌ಗೆ ಅಂಟಿದ ತಳ ಮತ್ತು ಗೋಡೆಗಳ ಕೆಲಸ ಹಿಗ್ಗುವುದಲ್ಲ, ಆ ಅಂಚನ್ನು ಜಗ್ಗಿ ತರುವುದು, ಅವು ಗಟ್ಟಿಯಾಗಿರಬೇಕು. ಹಾಗಾಗಿ ಒಂದೇ ಬಿಲ್ಲೆಯಲ್ಲಿ, ಬೆರಳಗಲದ ಅಂತರದೊಳಗೆ, ಎರಡು ಬೇರೆ ಬೇರೆ ಕಾವು.