ಘಟ್ಟ ಇಳಿಯುವ ಗಾಲಿ

ಸಕಲೇಶಪುರವನ್ನು ಬಿಟ್ಟು ಮಂಗಳೂರಿನ ದಾರಿ ಹಿಡಿದ ಲಾರಿಯು ಶಿರಾಡಿ ಘಟ್ಟದ ಇಳಿಜಾರಿಗೆ ಬಂದೊಡನೆ, ಅನುಭವಸ್ಥನಾದ ಚಾಲಕನು ಮೊದಲು ಕೆಳಗಿನ ಗೇರಿಗೆ ಬದಲಾಯಿಸಿಕೊಳ್ಳುತ್ತಾನೆ. ಬ್ರೇಕಿನ ಮಾತು ಆಮೇಲೆ. ಹಿಂದಿನ ಕಾರಿನಲ್ಲಿ ಕುಳಿತ ಸಂಸಾರಕ್ಕೆ ಈ ಗುರುಗುಟ್ಟುವ ಮಂದಗತಿ ಬೇಸರ ತರಬಹುದು. ಆದರೆ ಅವರ ಕ್ಷೇಮವೂ ಎದುರಿನಿಂದ ಏರಿ ಬರುವವರ ಕ್ಷೇಮವೂ ಆ ಗುರುಗುಟ್ಟುವಿಕೆಯಲ್ಲಿಯೇ ಇದೆ. ಗಾಲಿಯ ಗಾತ್ರದಲ್ಲಿ ಒಂದೂವರೆ ಅಂಗುಲದ ವ್ಯತ್ಯಾಸವಾದರೂ ಆ ಕ್ಷೇಮವು ಕುಗ್ಗೀತೆಂಬುದು ಅನೇಕರು ಅರಿಯದ ಸಂಗತಿ.

ದೊಡ್ಡ ಗಾಲಿಯೇ ಮೇಲೆಂಬ ನಂಬಿಕೆ ನಿರಾಧಾರವಾದುದೇನೂ ಅಲ್ಲ. ಎತ್ತಿನ ಬಂಡಿಯ ಎತ್ತರದ ಗಾಲಿ ಹಳ್ಳತಿಟ್ಟುಗಳನ್ನು ಸಲೀಸಾಗಿ ದಾಟುವುದನ್ನು ಎಲ್ಲರೂ ಬಲ್ಲರು. ಈ ಆಸೆಯಿಂದಲೇ, 9.00-20 ಅಳತೆಯ ಟೈರಿಗೆಂದು ಸಿದ್ಧವಾದ ಲಾರಿಗೆ ಕೆಲವರು 10.00-20 ಅಳತೆಯದನ್ನು ತೊಡಿಸುವುದುಂಟು. 20 ಎಂಬುದು ಒಳಗಿನ ಉಕ್ಕಿನ ಬಳೆಯ ವ್ಯಾಸ, ಅಂಗುಲಗಳಲ್ಲಿ. ಮೊದಲ ಅಂಕೆ ಟೈರಿನ ದಪ್ಪವನ್ನು ಸೂಚಿಸುತ್ತದೆ. ಹೊರವ್ಯಾಸವು ಮೊದಲಿನದಕ್ಕೆ ಸುಮಾರು 40 ಅಂಗುಲ, ಎರಡನೆಯದಕ್ಕೆ ನಾಲ್ವತ್ತೊಂದೂವರೆ.

ಅಚ್ಚಿನಿಂದ ನೆಲಕ್ಕಿರುವ ದೂರ ಹೆಚ್ಚಿದಷ್ಟೂ, ಇಂಜಿನ್ನಿನ ತಿರುಚುಬಲವು ನೆಲವನ್ನು ತಳ್ಳುವ ಶಕ್ತಿ ತಗ್ಗುತ್ತದೆ. ಏರಿನಲ್ಲಿ ಲಾರಿ ಏದುಸಿರು ಬಿಡುತ್ತದೆ. ವೇಗಮಾಪಕವು 60 ಕಿಲೋಮೀಟರ್ ತೋರಿಸುವಾಗ ನಿಜವಾದ ವೇಗ 62 ಆಗಿರುತ್ತದೆ. ಬಯಲುಸೀಮೆಯಲ್ಲಿ ಇದರಿಂದ ಕೇಡೇನೂ ಕಾಣದು.

ಇಳಿಜಾರಿನಲ್ಲಿ ಮಾತ್ರ ಲೆಕ್ಕ ತಿರುವುಮುರುವಾಗುತ್ತದೆ. ಬ್ರೇಕಿನ ಡ್ರಮ್ಮು ಹಳೆಯದೇ, ಗಾಲಿ ಹೊಸದು. ಪೆಡಲನ್ನು ಅಷ್ಟೇ ಒತ್ತಿದರೆ ನೆಲದ ಮೇಲಿನ ಹಿಡಿತ ನೂರಕ್ಕೆ ಮೂರು ನಾಲ್ಕು ಪಾಲು ಕಡಿಮೆ. ಇಂಜಿನ್ನು ಅದೇ ಗೇರಿನಲ್ಲಿ ಅದೇ ಲಯದಲ್ಲಿ ಸುತ್ತುತ್ತಿದ್ದರೂ ಲಾರಿ ಮೊದಲಿಗಿಂತ ವೇಗವಾಗಿ ಇಳಿಯುತ್ತದೆ. ಅದನ್ನು ತಡೆಹಿಡಿಯುವ ಇಂಜಿನ್ನಿನ ಬಲವೂ ತಗ್ಗುತ್ತದೆ. ಉಳಿದ ಹೊರೆಯೆಲ್ಲ ಬ್ರೇಕಿನ ಮೇಲೆ. ಆ ಹೊರೆ ಎಷ್ಟೆಂದರೆ, 16 ಟನ್ ತೂಕದ ಲಾರಿಯು 100 ಮೀಟರ್ ಎತ್ತರದಿಂದ ಇಳಿಯುವಾಗ ಹುಟ್ಟುವ ಶಾಖವನ್ನೆಲ್ಲ ಒಂದು ಹಂಡೆಗೆ ಊಡಿದರೆ ಸುಮಾರು 50 ಲೀಟರ್ ತಣ್ಣೀರು ಕುದಿಯತೊಡಗುತ್ತದೆ! ಇಂಜಿನ್ನು ತನ್ನ ಪಾಲನ್ನು ಹೊರದಿದ್ದರೆ ಇದರ ಬಹುಭಾಗವನ್ನು ಡ್ರಮ್ಮುಗಳೇ ನುಂಗಬೇಕು. ಕಾದ ಡ್ರಮ್ಮು ಹಿಗ್ಗಿ, ಒಳಗಿನ ಬ್ರೇಕ್ ಷೂಗಳಿಂದ ದೂರ ಸರಿಯುತ್ತದೆ. ಅವುಗಳ ಪಟ್ಟಿಯ ಘರ್ಷಣೆಯೂ ಕುಂದುತ್ತದೆ. ಚಾಲಕನು ಎಷ್ಟು ತುಳಿದರೂ ಲಾರಿ ಕೇಳದೆ ಹೋಗುವುದು ಆಗಲೇ.

ಹಾಗೆಂದು ಗಾಲಿಯನ್ನು ಕಿರಿದುಮಾಡಿದರೆ ತೀರಿತೇ? ಚಿಕ್ಕ ಗಾಲಿಯೊಳಗೆ ಚಿಕ್ಕ ಡ್ರಮ್ಮಿಗೇ ಜಾಗ. ಅದು ಬೇಗ ಕಾಯುತ್ತದೆ. ಭಾರಿ ಯಂತ್ರಗಳನ್ನು ಹೊರುವ ತಗ್ಗು ಟ್ರೈಲರುಗಳಿಗೆ ಅಷ್ಟೊಂದು ಪುಟ್ಟ ಗಾಲಿಗಳಿರುವುದು ಚೆಂದಕ್ಕಲ್ಲ. ಭಾರವನ್ನೂ ಬ್ರೇಕಿನ ದುಡಿಮೆಯನ್ನೂ ಹಂಚಿಕೊಳ್ಳಲು.

ಹಿಂದಿನ ಜೋಡಿಗಾಲಿಗಳಲ್ಲಿ ಒಂದು ಹೊಸದು, ಒಂದು ಸವೆದದ್ದು ಎಂಬ ಉಳಿತಾಯವಂತೂ ಲಾಭವಲ್ಲ. ಎತ್ತರದ ಟೈರು ಭಾರವನ್ನೆಲ್ಲ ಹೊತ್ತು ಕಾಯುತ್ತದೆ. ಗಿಡ್ಡನೆಯದು ನೆಲಕ್ಕೆ ಉಜ್ಜಿ ಮತ್ತೂ ಸವೆಯುತ್ತದೆ.

ಘಟ್ಟದ ಬುಡದ ಗುಂಡ್ಯದಲ್ಲಿ ಲಾರಿ ನಿಲ್ಲಿಸಿದ ಬಲ್ಲ ಚಾಲಕನು ಚಹಾದಂಗಡಿಗೆ ಹೋಗುವ ಮುನ್ನ ಒಂದೊಂದೇ ಗಾಲಿಯ ಬಳಿ, ಮುಟ್ಟದೆ, ಅಂಗೈ ಹಿಡಿದು ನೋಡುತ್ತಾನೆ. ಯಾವುದಾದರೊಂದು ಉಳಿದವುಗಳಿಗಿಂತ ಹೆಚ್ಚು ಕಾದಿದ್ದರೆ ಅಂದಿನ ಪ್ರಯಾಣ ಅಲ್ಲಿಗೇ ನಿಲ್ಲುತ್ತದೆ.