ಮಗ್ ಮೇಲೆ ಬಂಗುಡೆ ಬಿಡಿಸೋದು ಸರಿ, ಅದ್ರಲ್ಲಿ ಕಾಫಿ ಕುಡಿಬೋದಾ?

ಈ ವಾರದ ಎಪಿಸೋಡ್ ಕೇಳೋಕೆ ಟೈಮ್ ಸಿಗದವರಿಗೆ, ಬಸ್ ಹತ್ತಿದ ಮೇಲೆ ಇಯರ್‌ಫೋನ್ ಮನೇಲೇ ಬಿಟ್ಟು ಬಂದೆ ಅಂತ ಗೊತ್ತಾದವರಿಗೆ, ಇದು ಅದರ ಬರಹ ರೂಪ.

ನಿಮ್ಮ ಫೋನಲ್ಲೂ ಈ ಜಾಹೀರಾತು ಬಂದಿರುತ್ತೆ. ‘ಸಮುದ್ರ ಥೀಮ್ ಸೆರಾಮಿಕ್ ಪೇಂಟಿಂಗ್, ಬಿಗಿನರ್ಸ್‌ಗೆ, ಮೂರು ಗಂಟೆ, ಕಾಫಿ ಫ್ರೀ.’ ಆಮೆ, ಅಷ್ಟಪದಿ, ಜೆಲ್ಲಿ ಮೀನು ಇರೋ ಚಂದದ ಮಗ್‌ಗಳ ಫೋಟೋ. ನಾನು ಮಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ 1,800 ರೂಪಾಯಿ ಕೊಟ್ಟು ಕೂತು ಬಂದೆ. ಓದಿದ್ದು ಬಿ.ಕಾಂ., ಹಾಗಾಗಿ ಮೊದಲು ಕೇಳಿದ್ದು ‘ಈ ದುಡ್ಡಿಗೆ ನನಗೆ ಸಿಗೋದು ಏನು’ ಅಂತಲೇ. ಮಗ್ ಇವತ್ತೇ ಮನೆಗೆ ತಗೊಂಡು ಹೋಗ್ಬೋದಾ ಅಂದೆ. ಟೀಚರ್ ನಕ್ಕರು. “ಇವತ್ತೇ ಕೊಟ್ರೆ ಅದ್ರಲ್ಲಿ ಪೆನ್ ಇಡ್ಬೇಕು ಮಾರಾಯ್ರೆ, ಕಾಫಿ ಕುಡಿಲಿಕ್ಕೆ ಆಗುದಿಲ್ಲ.”

ಈ ಎಪಿಸೋಡಿನ ಅರ್ಧ ವಿಷಯ ಆ ಒಂದು ಮಾತಲ್ಲೇ ಇದೆ.

ಈ ಹೆಸರಲ್ಲಿ ನಡೆಯೋ ಕ್ಲಾಸುಗಳು ಮುಖ್ಯವಾಗಿ ಎರಡು ಥರ. ಒಂದರಲ್ಲಿ ರೆಡಿಮೇಡ್ ಹೊಳಪಿನ ಮಗ್ ಕೊಡ್ತಾರೆ, ಅದರ ಮೇಲೆ ಅಕ್ರಿಲಿಕ್ ಬಣ್ಣ ಇಲ್ಲಾ ಮಾರ್ಕರ್. ಒಣಗಿದ ಕೂಡಲೇ ಮನೆಗೆ. ಕೆಲವು ಬಣ್ಣಗಳನ್ನು ಮನೆಯ ಓವನ್‌ನಲ್ಲಿ ಸುಮಾರು 150 ಡಿಗ್ರಿಗೆ ಬಿಸಿ ಮಾಡಿ ಗಟ್ಟಿ ಮಾಡ್ತಾರೆ. ಅಷ್ಟಾದರೂ ಆ ಬಣ್ಣ ಮಗ್‌ನ ಮೇಲೆ ಕೂತಿರುತ್ತೆ ಅಷ್ಟೇ, ಒಳಗೆ ಸೇರಿರಲ್ಲ. ಪಾತ್ರೆ ತೊಳೆಯೋ ಸ್ಕ್ರಬ್ಬರ್ ತಿಂಗಳೊಳಗೆ ಅದನ್ನ ಕೀಳೋಕೆ ಶುರು ಮಾಡುತ್ತೆ. ತುಟಿ ತಾಗೋ ಜಾಗ, ಊಟ ತಾಗೋ ಜಾಗಕ್ಕೆ ಅದು ಬೇಡ.

ಇನ್ನೊಂದು ಥರದಲ್ಲಿ ‘ಬಿಸ್ಕ್’ ಕೊಡ್ತಾರೆ. ಅಂದ್ರೆ ಒಂದು ಸಲ ಸುಮಾರು 1,000 ಡಿಗ್ರಿಗೆ ಸುಟ್ಟ, ಹೊಳಪು ಹಾಕದ ಮಣ್ಣಿನ ಪಾತ್ರೆ. ನಾಲಿಗೆ ತಾಗಿಸಿದ್ರೆ ಹಿಡ್ಕೊಳ್ಳುತ್ತೆ, ಅಷ್ಟು ನೀರು ಹೀರುತ್ತೆ. ಮಂಗಳೂರಿನವರಿಗೆ ಇದು ಹೊಸದೇನಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಊರಿನ ಹೆಸರು ದೇಶ ದಾಟಿ ಹೋಗಿದ್ದೇ ಸುಟ್ಟ ಮಣ್ಣಿಂದ. ನಮ್ಮ ಹಂಚೂ ಹೊಳಪಿಲ್ಲದ ಸುಟ್ಟ ಮಣ್ಣೇ ತಾನೇ. ಬಿಸ್ಕ್ ಮೇಲೆ ‘ಅಂಡರ್‌ಗ್ಲೇಜ್’ ಅನ್ನೋ ಬಣ್ಣದಲ್ಲಿ ಚಿತ್ರ, ಅದರ ಮೇಲೆ ಪಾರದರ್ಶಕ ಗ್ಲೇಜ್, ಆಮೇಲೆ ಮತ್ತೆ ಕಿಲ್ನ್‌ಗೆ. ನಮ್ಮ ಕುಂಬಾರರ ಆವಿಗೆಯ ಕರೆಂಟ್ ಅವತಾರ ಅದು.

ಗ್ಲೇಜ್ ಅಂದ್ರೆ ಗಾಜು. ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಕಾಫಿ ಪ್ರಶ್ನೆಗೆ ಉತ್ತರ ಇಲ್ಲೇ ಇರೋದು. ಗಾಜಾಗೋ ಮುಖ್ಯ ವಸ್ತು ಸಿಲಿಕಾ, ಅಂದ್ರೆ ಮರಳಲ್ಲಿ ಇರೋದೇ. ಅದೊಂದೇ ಕರಗ್ಬೇಕಾದ್ರೆ ಸುಮಾರು 1,700 ಡಿಗ್ರಿ ಬೇಕು. ಸ್ಟುಡಿಯೋ ಕಿಲ್ನ್‌ಗೆ ಅಷ್ಟು ತಾಕತ್ತಿಲ್ಲ, ಇದ್ರೂ ಅಷ್ಟರಲ್ಲಿ ಮಗ್ಗೇ ಕರಗಿ ಹೋಗಿರುತ್ತೆ. ಅದಕ್ಕೆ ಕಡಿಮೆ ಬಿಸಿಗೇ ಕರಗಿಸೋ ಇನ್ನೊಂದು ವಸ್ತು ಸೇರಿಸ್ತಾರೆ, ಅದನ್ನ ಫ್ಲಕ್ಸ್ ಅಂತಾರೆ. ಕರಗಿದ್ದು ಮಗ್ ಮೇಲಿಂದ ಜಾರಿ ಹೋಗದ ಹಾಗೆ ಹಿಡಿಯೋಕೆ ಅಲ್ಯುಮಿನಾ. ಶತಮಾನಗಳ ಕಾಲ ಕುಂಬಾರರಿಗೆ ಇಷ್ಟವಾದ ಫ್ಲಕ್ಸ್ ಯಾವುದು ಅಂದ್ರೆ ಸೀಸ. ಕಡಿಮೆ ಬಿಸಿಗೆ ಕರಗುತ್ತೆ, ಹೊಳಪು ಸಕತ್ತಾಗಿ ಬರುತ್ತೆ. ತೊಂದರೆ ಏನಂದ್ರೆ ಗ್ಲೇಜ್ ಸರಿಯಾಗಿ ಕೂಡಿಲ್ಲದಿದ್ರೆ ಹುಳಿ ಪದಾರ್ಥ ಆ ಸೀಸವನ್ನು ನಿಧಾನಕ್ಕೆ ಎಳ್ಕೊಳ್ಳುತ್ತೆ. ಹುಣಸೆ ಹುಳಿ, ನಿಂಬೆ, ಮೊಸರು, ಉಪ್ಪಿನಕಾಯಿ: ನಮ್ಮ ಅಡುಗೆಮನೆಯಲ್ಲಿ ಹುಳಿ ಇಲ್ಲದ್ದು ಯಾವುದಿದೆ ಹೇಳಿ! ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹೊಡೆತ, ಇದರಲ್ಲಿ ಡಾಕ್ಟರುಗಳ ನಡುವೆ ಎರಡು ಅಭಿಪ್ರಾಯ ಇಲ್ಲ. ಹಾಗಾಗಿ ಕ್ಲಾಸಿಗೆ ದುಡ್ಡು ಕಟ್ಟೋ ಮುಂಚೆ ಕೇಳಬೇಕಾದ್ದು ಎರಡೇ. ಚಿತ್ರ ಬಿಡಿಸಿದ ಮೇಲೆ ಕಿಲ್ನ್‌ನಲ್ಲಿ ಸುಡ್ತೀರಾ? ಗ್ಲೇಜ್ ಲೆಡ್-ಫ್ರೀನಾ, ಊಟಕ್ಕೆ ಆಗುತ್ತಾ? ಎರಡನೇದಕ್ಕೆ ಡಬ್ಬಿಯ ಮೇಲಿನ ಲೇಬಲ್ ತೋರಿಸಿ ಅನ್ನಿ. ಇದು ಮರ್ಯಾದೆ ಇಲ್ಲದ ಪ್ರಶ್ನೆ ಏನಲ್ಲ, ಒಳ್ಳೆ ಟೀಚರ್‌ಗಳು ಖುಷಿಯಿಂದ ತೋರಿಸ್ತಾರೆ.

ಈಗ ಮೀನಿಗೆ ಬರೋಣ.

ನಮ್ಮ ಟೀಚರ್ ಕುಂದಾಪುರ ಕಡೆಯವರು. ಇಂಟರ್ನೆಟ್‌ನಿಂದ ಇಳಿಸಿದ ಸ್ಟೆನ್ಸಿಲ್ ಅವರಿಗೆ ಆಗೋದೇ ಇಲ್ಲ. ಟೇಬಲ್ ಮೇಲೆ ಒಂದು ತಟ್ಟೆಯಲ್ಲಿ ನಿಜವಾದ ಬಂಗುಡೆ ಇಟ್ಟಿದ್ರು, ಐಸ್ ಸಮೇತ. (ಎಸಿ ರೂಮಲ್ಲಿ ಮೂರು ಗಂಟೆ. ವಾಸನೆ ಬಗ್ಗೆ ನಾನೇನೂ ಹೇಳಲ್ಲ.) ಬಂಗುಡೆಯ ಬೆನ್ನು ನೀಲಿ ಹಸಿರು, ಮೇಲೆ ಉದ್ದಕ್ಕೂ ಕಪ್ಪು ಗೆರೆಗಳು, ಹೊಟ್ಟೆ ಬೆಳ್ಳಿ. ಮೇಲಿಂದ ನೋಡೋ ಹಕ್ಕಿಗೆ ಅದು ಕೆಳಗಿನ ಕಪ್ಪು ನೀರಿನ ಜೊತೆ ಬೆರೆತು ಹೋಗುತ್ತೆ, ಕೆಳಗಿಂದ ನೋಡೋ ದೊಡ್ಡ ಮೀನಿಗೆ ಆಕಾಶದ ಬೆಳಕಿನ ಜೊತೆ. ಬಿಡಿಸೋರಿಗೆ ಇದರಿಂದ ಅರ್ಧ ಕೆಲಸ ಉಳಿತಾಯ. ಬೆನ್ನಿಗೆ ದಟ್ಟ ಬಣ್ಣ, ಕೆಳಗೆ ಬರ್ತಾ ಬರ್ತಾ ನೀರು ಜಾಸ್ತಿ, ಹೊಟ್ಟೆಗೆ ಬಣ್ಣವೇ ಬೇಡ, ಬಿಳಿ ಮಣ್ಣೇ ಬೆಳ್ಳಿ.

ಕ್ಲಾಸಲ್ಲಿ ಒಬ್ಬ ಹುಡುಗ ಮಗ್‌ನ ಒಂದು ಬದಿಗೆ ಸ್ಟಿಕ್ಕರ್ ಅಂಟಿಸಿದ ಹಾಗೆ ಅಷ್ಟಪದಿ ಬಿಡಿಸ್ತಿದ್ದ. ಟೀಚರ್ ಅವನಿಗೆ ಫೋನಲ್ಲಿ ಒಂದು ಫೋಟೋ ತೋರಿಸಿದ್ರು. ಗ್ರೀಸ್‌ನ ಕ್ರೀಟ್ ದ್ವೀಪದ ಪಲೈಕಾಸ್ಟ್ರೊದಲ್ಲಿ ಸಿಕ್ಕ, ಈಗ ಹೆರಾಕ್ಲಿಯನ್ ಮ್ಯೂಸಿಯಂನಲ್ಲಿರೋ ಒಂದು ಮಣ್ಣಿನ ಹೂಜಿ. ಸುಮಾರು 3,500 ವರ್ಷ ಹಳೇದು. ಅದರ ಮೇಲೆ ಅಷ್ಟಪದಿ ಇಡೀ ಹೂಜಿಯನ್ನ ತಬ್ಬಿಕೊಂಡಿದೆ, ತೋಳುಗಳು ಹೂಜಿಯ ಉಬ್ಬಿನ ಜೊತೆಗೇ ಸುತ್ತಿಕೊಂಡು ಹೋಗ್ತವೆ, ಖಾಲಿ ಜಾಗದಲ್ಲೆಲ್ಲ ಸಮುದ್ರ ಪಾಚಿ. ಕಂಪ್ಯೂಟರ್ ಇಲ್ಲ, ಸ್ಟೆನ್ಸಿಲ್ ಇಲ್ಲ, ಕೈಯಲ್ಲಿ ಒಂದು ಕುಂಚ ಅಷ್ಟೇ. ಹುಡುಗ ಸ್ಪಂಜ್ ತಗೊಂಡು ತನ್ನದನ್ನ ಒರೆಸಿ ಮತ್ತೆ ಶುರು ಮಾಡಿದ, ಈ ಸಲ ಹಿಡಿಕೆಯಿಂದಲೇ ಒಂದು ತೋಳು ಹೊರಟಿತು.

ಕೈಕೆಲಸದ ವಿಷಯ ಬೇಗ ಹೇಳಿ ಮುಗಿಸ್ತೀನಿ. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಬಿಸ್ಕ್ ಮುಟ್ಟಬೇಡಿ, ಎಣ್ಣೆ ಇರೋ ಕಡೆ ಗ್ಲೇಜ್ ಹಿಡಿಯಲ್ಲ. ಮೊದಲು ಒದ್ದೆ ಸ್ಪಂಜಿನಿಂದ ಧೂಳು ಒರೆಸಿ. ಪೆನ್ಸಿಲಲ್ಲಿ ಎಷ್ಟು ಬೇಕಾದ್ರೂ ಗೀಚಿ, ಕಿಲ್ನ್‌ನಲ್ಲಿ ಅದು ಸುಟ್ಟು ಹೋಗುತ್ತೆ. ಬಣ್ಣ ಮೂರು ಸಲ, ಒಂದು ಒಣಗಿದ ಮೇಲೆ ಇನ್ನೊಂದು. ಬಿಳಿ ಉಳಿಬೇಕಾದ ಕಡೆ ಮೇಣ ಹಚ್ಚಿ, ಅದೂ ಸುಟ್ಟು ಹೋಗುತ್ತೆ. ಮಗ್‌ನ ತಳಕ್ಕೆ ಗ್ಲೇಜ್ ಬೇಡ, ಇಲ್ಲಾಂದ್ರೆ ಅದು ಕಿಲ್ನ್‌ನ ಹಲಗೆಗೇ ಅಂಟಿಕೊಂಡು ಕೂರುತ್ತೆ. ಕೊನೇಲಿ ಗ್ಲೇಜ್ ಹಚ್ಚಿದಾಗ ಹಾಲಿನ ಹಾಗೆ ಬೆಳ್ಳಗಾಗಿ ನಿಮ್ಮ ಇಡೀ ಚಿತ್ರ ಮುಚ್ಚಿ ಹೋಗುತ್ತೆ. ಅಳಬೇಡಿ, ಕರಗಿ ಗಾಜಾದ ಮೇಲೆ ಮತ್ತೆ ಕಾಣುತ್ತೆ. ಬಣ್ಣಗಳೂ ಹಸಿಯಾಗಿದ್ದಾಗ ನಿಜ ಹೇಳಲ್ಲ. ನೀಲಿ ಕೊಡೋ ಕೋಬಾಲ್ಟ್ ಕಾರ್ಬೊನೇಟ್ ಸುಡೋ ಮೊದಲು ನಸು ಗುಲಾಬಿ ನೇರಳೆ.

ಆ ದಿನ ನನ್ನ ಪಕ್ಕ ಕೂತವರು ಒಬ್ಬ ನರ್ಸ್. ಬೇರೆಲ್ಲೋ ಒಂದು ‘ಅವತ್ತೇ ಮನೆಗೆ’ ಕ್ಲಾಸಲ್ಲಿ ಅಕ್ಕನ ಮಗುವಿಗೆ ಅಂತ ಬಟ್ಟಲು ಮಾಡಿಸಿಕೊಂಡಿದ್ರು. ಒಳಗೆಲ್ಲ ಕಿತ್ತಳೆ ನಕ್ಷತ್ರಮೀನು. ಅನ್ನಪ್ರಾಶನಕ್ಕೆ ಹನ್ನೊಂದು ದಿನ ಇತ್ತು. ಟೀಚರ್ ಅದನ್ನ ಕೈಯಲ್ಲಿ ತಿರುಗಿಸಿ ನೋಡಿ, ಉಗುರಿಂದ ಮೆಲ್ಲಗೆ ಕೆರೆದ್ರು. ನಕ್ಷತ್ರದ ಒಂದು ತುದಿ ಎದ್ದು ಬಂತು. “ಇದನ್ನ ಶೋಕೇಸಲ್ಲಿ ಇಡಿ. ಮಗುವಿಗೆ ಬೇಡ.” ಆಕೆ ಏನೂ ಮಾತಾಡದೆ ಒಂದು ಹೊಸ ಬಟ್ಟಲು ತಗೊಂಡ್ರು. ಈ ಸಲ ಆಮೆ, ಅದೂ ಬಟ್ಟಲಿನ ಹೊರಗೆ ಮಾತ್ರ. ಒಳಗೆ ಬರೀ ಪಾರದರ್ಶಕ ಗ್ಲೇಜ್.

ಸಮಸ್ಯೆ ಕಿಲ್ನ್‌ದು. ಸ್ಟುಡಿಯೋ ಎರಡು ವಾರಕ್ಕೊಮ್ಮೆ ಮಾತ್ರ ಸುಡುತ್ತೆ. ಯಾಕೆ ಅಂತ ಬಿ.ಕಾಂ. ಓದಿದವರಿಗೆ ಹೇಳಬೇಕಾಗಿಲ್ಲ, ಇದು ಫಿಕ್ಸೆಡ್ ಕಾಸ್ಟ್. ಒಳಗೆ ಒಂದು ಬಟ್ಟಲಿರಲಿ ನಲವತ್ತಿರಲಿ, ಬಿಸಿ ಏರೋಕೆ ಎಂಟು ಹತ್ತು ಗಂಟೆ, ತಣಿಯೋಕೆ ಹತ್ತಿರ ಹತ್ತಿರ ಒಂದು ದಿನ. ಕರೆಂಟ್ ಬಿಲ್ ಹೆಚ್ಚುಕಡಿಮೆ ಅಷ್ಟೇ. ಅವಸರ ಮಾಡೋ ಹಾಗೂ ಇಲ್ಲ. 573 ಡಿಗ್ರಿ ಹತ್ತಿರ ಮಣ್ಣಿನೊಳಗಿನ ಕ್ವಾರ್ಟ್ಜ್ ಹಠಾತ್ತಾಗಿ ಗಾತ್ರ ಬದಲಿಸುತ್ತೆ, ಆ ಹಂತ ಬೇಗ ದಾಟಿಸಿದ್ರೆ ಪಾತ್ರೆ ಬಿರುಕು ಬಿಡಬಹುದು. ಕೊನೆಯ ಒಂದು ಹಲಗೆ ಖಾಲಿ ಇದೆ, ಅದು ತುಂಬಿದ್ರೆ ಈ ವಾರವೇ ಹಚ್ಚಬಹುದು ಅಂದ್ರು ಟೀಚರ್. ನಾವು ಐದು ಜನ ತಲಾ ಇನ್ನೊಂದು ಸಣ್ಣ ಟೈಲ್ ತಗೊಂಡ್ವಿ. ಒಂದೊಂದಕ್ಕೆ 300 ರೂಪಾಯಿ. ಪುಣ್ಯದ ಲೆಕ್ಕ ಏನಲ್ಲ, ಮನೆಗೆ ಟೈಲ್ ಬಂತು ತಾನೇ.

ಆಕೆ ಬಿಡಿಸ್ತಿದ್ದದ್ದು ಆಲಿವ್ ರಿಡ್ಲೆ, ಕುಂದಾಪುರ, ಹೊನ್ನಾವರದ ಮರಳಿಗೆ ಮೊಟ್ಟೆ ಇಡೋಕೆ ಬರೋ ಆಮೆ. ಹಸಿರು ಕಡಲಾಮೆಯ ಚಿಪ್ಪಿನಲ್ಲಿ ಎರಡೂ ಬದಿಗೆ ನಾಲ್ಕು ನಾಲ್ಕು ಫಲಕ ಇರ್ತವೆ, ರಿಡ್ಲೆಗೆ ಅದಕ್ಕಿಂತ ಜಾಸ್ತಿ, ಸಾಮಾನ್ಯವಾಗಿ ಆರರ ಮೇಲೆ. ಟೀಚರ್ ಅದನ್ನ ಎಣಿಸಿ ಎಣಿಸಿ ಬಿಡಿಸೋಕೆ ಹೇಳಿದ್ರು.

ಕಿಲ್ನ್ ತೆಗೆದದ್ದು ಎಂಟನೇ ದಿನ. ಬಟ್ಟಲಿನ ಹೊರಗೆ, ತಳದ ಹತ್ತಿರ ಒಂದು ಸೂಜಿಮೊನೆಯಷ್ಟು ತೂತು ಗ್ಲೇಜಲ್ಲಿ. ಟೀಚರ್ ಒಳಗೆಲ್ಲ ಟಾರ್ಚ್ ಬಿಟ್ಟು, ಬೆರಳು ಆಡಿಸಿ ನೋಡಿದ್ರು. ನಯವಾಗಿತ್ತು, ಒಂದು ಕೂದಲೆಳೆ ಬಿರುಕೂ ಇರಲಿಲ್ಲ. ಕೊಡಬಹುದು ಅಂದ್ರು. ಆಗ ಆ ಹುಡುಗ ಚಿಪ್ಪು ಎಣಿಸಿ, “ಅಕ್ಕ, ಒಂದು ಕಡೆ ಆರು, ಇನ್ನೊಂದು ಕಡೆ ಏಳು ಉಂಟಲ್ಲ” ಅಂದ. ನರ್ಸ್ ಮುಖ ಸಣ್ಣದಾಯ್ತು. ಟೀಚರ್ ಬಟ್ಟಲನ್ನು ಪೇಪರಲ್ಲಿ ಸುತ್ತುತ್ತಾ ತಲೆ ಎತ್ತದೇ ಹೇಳಿದ್ರು: “ನಿಜವಾದ ರಿಡ್ಲೆಗೂ ಸುಮಾರು ಸಲ ಹಾಗೇ ಇರ್ತದೆ. ಎರಡು ಬದಿ ಲೆಕ್ಕ ತಾಳೆ ಆಗುದಿಲ್ಲ.”